ಡೀಸೆಲ್ ಕಾರು ಮತ್ತು ನಮ್ಮ ಮನೆಯ ನೋಟ್‌ಬುಕ್

"ಎಷ್ಟು ಕೊಡುತ್ತೆ?"

ಹೊಸದಾಗಿ ಕಾರು ಕೊಂಡವರ ಮನೆಗೆ ಹೋದ ಗಂಡಸರು ಸಲಾಮ್ ಹೇಳಿ ಕೂರುವ ಮೊದಲೇ ಕೇಳುವ ಪ್ರಶ್ನೆ ಇದು. ನಮ್ಮ ಅಮೃತಾಪುರದಂತಹ ಹಳ್ಳಿಯಲ್ಲಿ ಹಸು ಕೊಂಡವರನ್ನೂ ಇದೇ ಮಾತಿನಲ್ಲಿ ಕೇಳುತ್ತಾರೆ. ಹಸುವಾದರೆ ಹೊತ್ತಿಗೆ ಎಷ್ಟು ಲೀಟರ್, ಕಾರಾದರೆ ಲೀಟರಿಗೆ ಎಷ್ಟು ಕಿಲೋಮೀಟರ್, ಅಷ್ಟೇ ವ್ಯತ್ಯಾಸ. ಹಸು ಎಷ್ಟು ತಿನ್ನುತ್ತದೆ, ಮೇವು ಹಾಕುವವರು ಯಾರು, ಸಗಣಿ ಬಾಚುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಆ ಲೆಕ್ಕ ಮನೆಯ ಹೆಂಗಸರಿಗೆ ಗೊತ್ತಿರುತ್ತದೆ. ಆದರೆ ಕಾರಿನ ವಿಷಯ ಬಂದರೆ ನಾವೇ ದೂರ ಸರಿದು ಕೂರುತ್ತೇವೆ. ಬಣ್ಣ ಯಾವುದು ಎಂಬಷ್ಟಕ್ಕೆ ನಮ್ಮ ಅಭಿಪ್ರಾಯ ಮುಗಿಯುತ್ತದೆ.

2025ರಲ್ಲಿ ನಮ್ಮ ಮನೆಯಲ್ಲಿ ಕಾರಿನ ಮಾತು ಎದ್ದಿತು. ಅದಕ್ಕೆ ಕಾರಣ ನಮ್ಮ ಅತ್ತೆ. ಅವರಿಗೆ ದಮ್ಮಿನ ಕಾಯಿಲೆ. ಮಳೆಗಾಲದ ಒಂದು ರಾತ್ರಿ ಉಸಿರು ಕಟ್ಟಿ, ಪಂಪು ಎಳೆದರೂ ನಿಲ್ಲದೆ, ತರೀಕೆರೆಗೆ ಕರೆದೊಯ್ಯಬೇಕಾಯಿತು. ಊರಿನಲ್ಲಿ ಬಾಡಿಗೆಗೆ ಬರುವ ಗಾಡಿ ಮದುವೆಯ ಪಾರ್ಟಿ ಕರೆದುಕೊಂಡು ಹೋಗಿತ್ತು. ಪಕ್ಕದ ಮನೆಯವರು ಅಡಿಕೆ ಸಾಗಿಸುವ ಗೂಡ್ಸ್ ಆಟೋ ತೆಗೆದರು. ಹಿಂದಿನ ತಟ್ಟಿನಲ್ಲಿ ಚಾಪೆ ಹಾಸಿ, ಟಾರ್ಪಾಲು ಹೊದಿಸಿ, ಅತ್ತೆಯ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಹತ್ತು ಕಿಲೋಮೀಟರ್ ಹೋದೆವು. ಅಲ್ಲಾಹನ ದಯೆಯಿಂದ ಬೆಳಗಿನ ಹೊತ್ತಿಗೆ ಉಸಿರು ಹಿಡಿತಕ್ಕೆ ಬಂತು. ಮನೆಗೆ ಬಂದ ಮೇಲೆ ಇವರು ಹೇಳಿದ ಮೊದಲ ಮಾತು, "ಇನ್ನು ಕಾರು ತರಲೇಬೇಕು." ಎರಡನೆಯ ಮಾತು, "ಡೀಸೆಲ್ ಗಾಡಿಯೇ ಆಗಬೇಕು."

ಮೊದಲನೆಯದಕ್ಕೆ ನನ್ನ ಒಪ್ಪಿಗೆ ಇತ್ತು. ಎರಡನೆಯದು ಎಲ್ಲಿಂದ ಬಂತು ಎಂಬುದು ನನ್ನ ಪ್ರಶ್ನೆ. "ಡೀಸೆಲ್ ಕಡಿಮೆ ಬೆಲೆ, ಹೆಚ್ಚು ಮೈಲೇಜು. ಇದರಲ್ಲಿ ಯೋಚಿಸುವುದೇನಿದೆ?" ಎಂದರು.

ಇವರ ಮಾತು ಆಧಾರವಿಲ್ಲದ್ದೇನೂ ಅಲ್ಲ. ಒಂದು ಕಾಲದಲ್ಲಿ ಅದು ನೂರಕ್ಕೆ ನೂರು ನಿಜವಾಗಿತ್ತು. ನಮ್ಮೂರಿನ ಅಮೃತೇಶ್ವರ ದೇವಾಲಯ 1196ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಅದನ್ನು ನೋಡಲು ರಜಾದಿನಗಳಲ್ಲಿ ಬೆಂಗಳೂರು, ಶಿವಮೊಗ್ಗದ ಕಾರುಗಳು ಸಾಲುಗಟ್ಟಿ ಬರುತ್ತವೆ. ಹದಿಮೂರು ಹದಿನಾಲ್ಕು ವರ್ಷದ ಹಿಂದೆ ಊರಿನ ಹುಡುಗರಿಗೆ ಒಂದು ಆಟವಿತ್ತು. ತಿರುವಿನಲ್ಲಿ ಕಾರು ಕಾಣಿಸುವ ಮೊದಲೇ ಸದ್ದು ಕೇಳಿ ಪೆಟ್ರೋಲೋ ಡೀಸೆಲೋ ಎಂದು ಹೇಳಬೇಕು. ನನ್ನ ಮಗ ಆಗ ತೀರಾ ಚಿಕ್ಕವನು. ಸುಮ್ಮನೆ ಪ್ರತಿ ಸಲವೂ "ಡೀಸೆಲ್" ಎನ್ನುತ್ತಿದ್ದ, ಹೆಚ್ಚಿನ ಸಲ ಗೆಲ್ಲುತ್ತಿದ್ದ! 2012-13ರ ಸುಮಾರಿಗೆ ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್‌ನವೇ. ಈಗ ಆ ಆಟ ಆಡಿದರೆ ಅವನು ಸೋಲುತ್ತಾನೆ.

ಆಗ ಹಾಗಿದ್ದುದಕ್ಕೆ ಕಾರಣ ಕಾರು ಅಲ್ಲ, ಸರಕಾರ. ಲಾರಿ, ಬಸ್ಸು, ಟ್ರ್ಯಾಕ್ಟರ್, ಪಂಪ್‌ಸೆಟ್ಟುಗಳಿಗೆ ಬೇಕಾದ ಎಣ್ಣೆ ಎಂದು ಡೀಸೆಲ್ ಬೆಲೆಯನ್ನು ಕೇಂದ್ರ ಸರಕಾರ ತಾನೇ ಹಿಡಿದಿಟ್ಟಿತ್ತು. ಪೆಟ್ರೋಲ್ ಬೆಲೆಯನ್ನು 2010ರ ಜೂನ್‌ನಲ್ಲಿಯೇ ಮಾರುಕಟ್ಟೆಗೆ ಬಿಟ್ಟಾಗಿತ್ತು. ಹೀಗಾಗಿ 2012ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಲೀಟರಿಗೆ 32 ರೂಪಾಯಿ ಅಂತರ! ರೈತನ ಹೆಸರಿನಲ್ಲಿ ಕೊಟ್ಟ ರಿಯಾಯಿತಿಯನ್ನು ಹತ್ತು ಹದಿನೈದು ಲಕ್ಷದ ಕಾರಿನವರು ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತಿದ್ದರು. ಬಡವರಿಗೆಂದು ತೆಗೆದಿಟ್ಟ ಅನ್ನಕ್ಕೆ ಉಳ್ಳವರೇ ತಟ್ಟೆ ಹಿಡಿದ ಹಾಗೆ ಎಂದು ನನಗೆ ಅನಿಸುತ್ತಿತ್ತು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಷ್ಟು ಏರಿಸುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟರು. 2017ರ ಜೂನ್ ನಂತರ ದಿನಾ ಬೆಳಗ್ಗೆ ದರ ಬದಲಾಗುವ ಪದ್ಧತಿ ಬಂತು.

2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯ ಸರಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿತು. ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ ಆಯಿತು, ಪೆಟ್ರೋಲ್ 103ರ ಹತ್ತಿರವಿತ್ತು. ಅಂದರೆ 32 ರೂಪಾಯಿಯ ಅಂತರ 12ಕ್ಕೆ ಇಳಿದಿತ್ತು. ಬೆಲೆ ಬದಲಾದರೂ ಗಂಡಸರ ಬಾಯಿಯ ಮಾತು ಬದಲಾಗಲಿಲ್ಲ. ನಮ್ಮ ಅತ್ತೆ ಇಂದಿಗೂ ಬೇಳೆಯ ಬೆಲೆ ಕೇಳಿ "ಅಷ್ಟೊಂದಾ!" ಎಂದು ಎದೆ ಮುಟ್ಟಿಕೊಳ್ಳುತ್ತಾರಲ್ಲ, ಹಾಗೆಯೇ ಇದೂ.

ಇವರ ಕಡೆ ಮಾತನಾಡಲು ಕಡೂರಿನಿಂದ ನನ್ನ ಮೈದುನ ಬಂದ. ಅವನದು ಕೊಬ್ಬರಿ ವ್ಯಾಪಾರ. ತಿಪಟೂರು, ಅರಸೀಕೆರೆ, ಬೆಂಗಳೂರು ಎಂದು ವಾರದಲ್ಲಿ ನಾಲ್ಕು ದಿನ ರಸ್ತೆಯ ಮೇಲೆಯೇ ಇರುತ್ತಾನೆ. "ಭಾಭಿ, ನಾನು ಮೂರು ಗಾಡಿ ನೋಡಿದ್ದೇನೆ. ಡೀಸೆಲ್ ಬಿಟ್ಟರೆ ಬೇರೆ ಗಾಡಿ ಇಲ್ಲ. ಮನೆ ಮಂದಿಯೆಲ್ಲ ಕೂತು ಲಗೇಜು ಹಾಕಿ ಘಾಟಿ ಹತ್ತಿಸಿ ನೋಡಿ, ಸುಸ್ತೇ ಆಗುವುದಿಲ್ಲ" ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಡೀಸೆಲ್ ಇಂಜಿನ್ನಿನ ಗುಣವೇ ಅದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವೆಲ್ಲ ಕಂಡಿರುತ್ತೀರಿ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಎಷ್ಟು ಬಲವಾಗಿ ಒತ್ತುತ್ತಾರೆಂದರೆ, ಆ ಬಿಸಿಗೆ ಎಣ್ಣೆ ಚಿಮುಕಿಸಿದೊಡನೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಇಂಜಿನ್ನಿನಂತೆ ಕಿಡಿ ಹಾರಿಸುವ ಪ್ಲಗ್ ಬೇಕಿಲ್ಲ. ಇಷ್ಟು ಒತ್ತಡ ತಡೆಯಬೇಕಾದ್ದರಿಂದ ಇಂಜಿನ್ ದಪ್ಪ, ತೂಕ ಹೆಚ್ಚು, ಬೆಲೆ ಹೆಚ್ಚು, ಸದ್ದೂ ಹೆಚ್ಚು. ಡೀಸೆಲ್ ಎಣ್ಣೆಯಲ್ಲಿಯೂ ಲೀಟರಿಗೆ ಪೆಟ್ರೋಲ್‌ಗಿಂತ ಶೇಕಡಾ ಹತ್ತಕ್ಕೂ ಹೆಚ್ಚು ಶಕ್ತಿ ಇದೆ. ಈ ಎರಡೂ ಸೇರಿ ಮೈಲೇಜು ಜಾಸ್ತಿ, ಭಾರ ಎಳೆಯುವ ಬಲ ಜಾಸ್ತಿ. ಇದನ್ನು ಕಂಡುಹಿಡಿದ ಜರ್ಮನಿಯ ರುಡಾಲ್ಫ್ ಡೀಸೆಲ್‌ನ ಹೆಸರೇ ಎಣ್ಣೆಗೂ ಬಂತು. 1900ರ ಪ್ಯಾರಿಸ್ ವಸ್ತು ಪ್ರದರ್ಶನದಲ್ಲಿ ಅವನ ಮಾದರಿಯ ಇಂಜಿನ್ ಓಡಿದ್ದು ಕಡಲೆಕಾಯಿ ಎಣ್ಣೆಯಲ್ಲಿ! ಈಗಿನ ಕಡಲೆಕಾಯಿ ಎಣ್ಣೆಯ ಬೆಲೆಗೆ ಆ ಇಂಜಿನ್ ಓಡಿಸಿದರೆ ಒಗ್ಗರಣೆಗೆ ಏನು ಮಾಡೋಣ?

ಪಕ್ಕದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ರಾಸುಗಳ ಕೇಂದ್ರವಿದೆ. ಹೈದರ್, ಟಿಪ್ಪುವಿನ ಸೈನ್ಯದ ತೋಪು, ಸಾಮಾನು ಎಳೆದ ತಳಿ. ಭಾರ ಹೊತ್ತು ದಿನವಿಡೀ ನಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಮಕ್ಕಳಿಗೆ ಒಂದು ಲೋಟ ಹಾಲಿಗಾಗಿ ಯಾರೂ ಅಮೃತಮಹಲ್ ಹಸುವನ್ನು ಹಿತ್ತಲಲ್ಲಿ ಕಟ್ಟುವುದಿಲ್ಲ. ಮೈದುನನಿಗೆ ನಾನು ಕೇಳಿದ್ದು ಇಷ್ಟೇ. "ನಿನ್ನ ಗಾಡಿ ವರ್ಷಕ್ಕೆ ಎಷ್ಟು ಓಡುತ್ತಪ್ಪಾ?" "ಮೂವತ್ತೈದು, ನಲವತ್ತು ಸಾವಿರ ಕಿಲೋಮೀಟರ್" ಎಂದ. "ನಮ್ಮದು ಎಷ್ಟು ಓಡಬಹುದು?" ಎಂದರೆ ಅವನಿಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಾನು ಶಾಲೆಯ ಟೀಚರ್. ಬೆಳಗ್ಗೆ ಮದ್ರಸದಲ್ಲಿ ಚಿಕ್ಕ ಮಕ್ಕಳಿಗೂ ಕಲಿಸುತ್ತೇನೆ. ಗೊತ್ತಿಲ್ಲದ್ದನ್ನು ಬರೆದು ನೋಡುವುದು ನಮ್ಮ ಕಸುಬಿನ ಅಭ್ಯಾಸ. ಮಗನ ಹಳೆಯ ನೋಟ್‌ಬುಕ್ಕೊಂದರಲ್ಲಿ ಖಾಲಿ ಹಾಳೆಗಳಿದ್ದವು. ಅದನ್ನು ಅಡುಗೆ ಮನೆಯ ಕ್ಯಾಲೆಂಡರ್ ಪಕ್ಕ ನೇತುಹಾಕಿದೆ. ಮೂರು ತಿಂಗಳು ಮನೆಯವರು ಎಲ್ಲೆಲ್ಲಿಗೆ ಹೋದರು, ಯಾತರಲ್ಲಿ ಹೋದರು, ಹೋಗಿ ಬರಲು ಎಷ್ಟು ದೂರ, ಕಾರಿದ್ದರೆ ಅದರಲ್ಲೇ ಹೋಗುತ್ತಿದ್ದರೇ ಎಂದು ನಾಲ್ಕು ಕಲಂ. ಮೊದಲ ವಾರ ನಾನೊಬ್ಬಳೇ ಬರೆದೆ. ಎರಡನೆಯ ವಾರದಿಂದ ಇವರೂ ಬರೆಯಲು ತೊಡಗಿದರು. ಅದೂ ಸ್ವಲ್ಪ ಉತ್ಸಾಹದಿಂದಲೇ! ಯಾಕೆಂದರೆ ಕಿಲೋಮೀಟರ್ ಹೆಚ್ಚಾದಷ್ಟೂ ಡೀಸೆಲ್ ಪಕ್ಷ ಗೆಲ್ಲುತ್ತದೆ ಎಂಬುದು ಅವರಿಗೆ ಹೊಳೆದಿತ್ತು.

ಇಲ್ಲಿಯೇ ಒಂದು ತಕರಾರು ಬಂತು. ಇವರು ಅಡಿಕೆ ತೋಟಗಳ ಚೇಣಿ ಹಿಡಿಯುತ್ತಾರೆ. ಕೊಯ್ಲಿನ ನಾಲ್ಕೈದು ತಿಂಗಳು ದಿನಾ ಮೂವತ್ತು ನಲವತ್ತು ಕಿಲೋಮೀಟರ್ ಬೈಕಿನಲ್ಲಿ ಸುತ್ತುತ್ತಾರೆ. ಅದೆಲ್ಲವನ್ನೂ ಕಾರಿನ ಕಲಮಿಗೆ ಬರೆದರು. ತೋಟದ ಬದುವಿನ ತನಕ ಕಾರು ಹೋಗುವುದಿಲ್ಲ, ಹೇಗೂ ಬೈಕೇ ಬೇಕು ಎಂದು ನಾನು ಹೊಡೆದು ಹಾಕಿದೆ. ಶಿವಮೊಗ್ಗದ ಹಾಸ್ಟೆಲಿನಿಂದ ಮಗಳು ಬರುವುದನ್ನೂ ಬರೆದರು. ಅವಳು ರೈಲಿನಲ್ಲಿ ತರೀಕೆರೆಗೆ ಬಂದು ಇಳಿಯುತ್ತಾಳೆ. ಕಾರು ಬಂದ ಮಾತ್ರಕ್ಕೆ ರೈಲು ನಿಲ್ಲುತ್ತದೆಯೇ? ನನ್ನ ಶಿವಮೊಗ್ಗ, ಚಿಕ್ಕಮಗಳೂರಿನ ಓಡಾಟವೂ ಅಷ್ಟೇ. 2023ರ ಜೂನ್ 11ರಿಂದ ರಾಜ್ಯದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಒಬ್ಬಳೇ ಹೋಗುವಾಗ ಬಸ್ಸು ಬಿಟ್ಟು ಕಾರು ಹತ್ತಿದರೆ ಆ ಉಳಿತಾಯ ಯಾವ ಶಾಸ್ತ್ರದ್ದು? ಹೀಗೆ ಡೀಸೆಲ್ಲಿನಲ್ಲಿ ಉಳಿಸುವುದಕ್ಕಾಗಿಯೇ ಹೆಚ್ಚು ಓಡಿಸುವ ಯೋಚನೆ ನಮ್ಮ ಎಷ್ಟೋ ಮನೆಗಳಲ್ಲಿದೆ. ರಿಯಾಯಿತಿ ಇದೆಯೆಂದು ಬೇಡದ ಸೀರೆ ತಂದದ್ದಕ್ಕೆ ನಮ್ಮನ್ನು ಆಡಿಕೊಳ್ಳುವ ಗಂಡಸರು ಇದನ್ನೂ ಒಮ್ಮೆ ಯೋಚಿಸಬೇಕು.

ಮೂರು ತಿಂಗಳು ಕಳೆದು ಕೂಡಿಸಿದಾಗ ಸಿಕ್ಕಿದ್ದು ತಿಂಗಳಿಗೆ ಸರಾಸರಿ 640 ಕಿಲೋಮೀಟರ್. ತರೀಕೆರೆಗೆ ಹದಿನಾಲ್ಕು ಸಲ, ಅತ್ತೆಯನ್ನು ಕರೆದುಕೊಂಡು ಶಿವಮೊಗ್ಗದ ಡಾಕ್ಟರ ಬಳಿಗೆ ಎರಡು ಸಲ, ಕಡೂರಿಗೆ ಒಂದು ಸಲ, ಉಳಿದದ್ದು ಮದುವೆ, ಸಾವು, ಹತ್ತಿರದ ನೆಂಟರ ಮನೆ. ಹಬ್ಬ, ಮದುವೆಯ ಕಾಲ ಸೇರಿಸಿ ವರ್ಷಕ್ಕೆ 8,000 ಎಂದಿಟ್ಟುಕೊಂಡೆವು.

ಇನ್ನು ಲೆಕ್ಕ. ಪೆಟ್ರೋಲ್ ಕಾರು ಲೀಟರಿಗೆ 16 ಕಿಲೋಮೀಟರ್ ಕೊಟ್ಟರೆ 103 ರೂಪಾಯಿಯ ಬೆಲೆಗೆ ಕಿಲೋಮೀಟರಿಗೆ 6 ರೂಪಾಯಿ 44 ಪೈಸೆ. ಡೀಸೆಲ್ ಕಾರು 20 ಕೊಟ್ಟರೆ 91ರ ಬೆಲೆಗೆ 4 ರೂಪಾಯಿ 55 ಪೈಸೆ. ಉಳಿಯುವುದು 1 ರೂಪಾಯಿ 89 ಪೈಸೆ. ವರ್ಷಕ್ಕೆ 8,000 ಓಡಿದರೆ ಸುಮಾರು 15,000 ರೂಪಾಯಿ. ಹೊಸ ಕಾರಿನಲ್ಲಿ ಒಂದೇ ಮಾದರಿಯ ಪೆಟ್ರೋಲ್ ಗಾಡಿಗಿಂತ ಡೀಸೆಲ್ ಗಾಡಿಗೆ ಒಂದೂಕಾಲು ಲಕ್ಷ ಹೆಚ್ಚು ಹೇಳಿದರು. ಬೆಲೆ ಹೆಚ್ಚಾದರೆ ರಸ್ತೆ ತೆರಿಗೆಯೂ, ಇನ್ಶೂರೆನ್ಸೂ ಅದಕ್ಕೆ ತಕ್ಕ ಹಾಗೆ ಹೆಚ್ಚು. ಅವನ್ನು ಬಿಟ್ಟರೂ ಆ ಒಂದೂಕಾಲು ಲಕ್ಷ ವಾಪಸು ಬರಲು ಎಂಟು ವರ್ಷ ಬೇಕು. ಮೈದುನನ ಹಾಗೆ ನಲವತ್ತು ಸಾವಿರ ಓಡಿದರೆ ವರ್ಷಕ್ಕೆ 75,000 ಉಳಿಯುತ್ತದೆ. ಎರಡು ವರ್ಷದೊಳಗೆ ಅಸಲು ಕೈಗೆ! ಅವನ ಬಾಯಲ್ಲಿ ಡೀಸೆಲ್ ಲಾಭ ಎಂಬುದು ಸತ್ಯ, ನಮ್ಮ ಅಂಗಳದಲ್ಲಿ ಅದೇ ಮಾತು ನಷ್ಟ.

ಪೆಟ್ರೋಲಿನ ಕಡೆಯ ಕೊರತೆಯನ್ನೂ ಹೇಳಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬೆರೆತಿದೆ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಆದ್ದರಿಂದ ಮೈಲೇಜು ಸ್ವಲ್ಪ ಇಳಿಯುತ್ತದೆ. ಈ ಮಿಶ್ರಣಕ್ಕೆಂದೇ ಹೊಂದಿಸಿದ ಕಾರುಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಹಳೆಯ ಗಾಡಿಗಳಲ್ಲಿ ರಬ್ಬರ್ ಪೈಪುಗಳನ್ನು ಆಗಾಗ ನೋಡಿಸಿಕೊಳ್ಳಬೇಕು ಎಂದು ತರೀಕೆರೆಯ ಮೆಕ್ಯಾನಿಕ್ ಹೇಳಿದರು. ಇವರು ಆ ಮಾತನ್ನು ಚಿನ್ನದ ಹಾಗೆ ಎತ್ತಿಕೊಂಡು ಬಂದರು. ಸರಿ ಎಂದು 16ರ ಬದಲು 15 ಹಾಕಿ ಮತ್ತೆ ಗುಣಿಸಿದೆವು. ವರ್ಷದ ಉಳಿತಾಯ 18,500ಕ್ಕೆ ಏರಿತು. ಎಂಟು ವರ್ಷ ಇದ್ದದ್ದು ಏಳಕ್ಕೆ ಇಳಿಯಿತು, ಅಷ್ಟೇ.

ನಿಜ ಹೇಳಬೇಕೆಂದರೆ ಹೊಸ ಕಾರು ನಮ್ಮ ಕೈಗೆ ಎಟುಕುವಂಥದ್ದೂ ಆಗಿರಲಿಲ್ಲ. ಎರಡು ವರ್ಷದ ಚೇಣಿಯಲ್ಲಿ ಉಳಿದದ್ದು, ನಾನು ಹೆಂಗಸರ ಚೀಟಿಯಲ್ಲಿ ಕೂಡಿಟ್ಟದ್ದು ಎಲ್ಲ ಸೇರಿ ನಾಲ್ಕೂವರೆ ಲಕ್ಷ. ನಮ್ಮದು ಸವಾಲು ಕೂಗುವ ಚೀಟಿಯಲ್ಲ, ಹೆಸರು ಎತ್ತುವ ಚೀಟಿ. ಉಳಿದದ್ದಕ್ಕೆ ಸಾಲ ಕೊಡುತ್ತೇವೆಂದು ಫೋನಿನ ಮೇಲೆ ಫೋನು. ಏಳು ವರ್ಷದ ಕಂತು ಎಂದರೆ ಮಗಳ ಮದುವೆಯ ವಯಸ್ಸಿನ ತನಕ ಬಡ್ಡಿ ಕಟ್ಟುವುದು. ಬಡ್ಡಿ ನಮಗೆ ಹರಾಮ್ ಎಂಬುದು ಒಂದು ಮಾತಾದರೆ, ಡೀಸೆಲ್ಲಿನಲ್ಲಿ ವರ್ಷಕ್ಕೆ ಹದಿನೈದು ಸಾವಿರ ಉಳಿಸಲು ಹೋಗಿ ಬಡ್ಡಿಗೆ ಅದರ ಎರಡು ಮೂರು ಪಟ್ಟು ಸುರಿಯುವುದು ಯಾವ ಧರ್ಮದವರ ಲೆಕ್ಕದಲ್ಲಿಯೂ ಜಾಣತನವಲ್ಲ. ಈ ಒಂದು ವಿಷಯದಲ್ಲಿ ನಮ್ಮಿಬ್ಬರಲ್ಲಿ ಚರ್ಚೆಯೇ ಬರಲಿಲ್ಲ.

ಆದ್ದರಿಂದ ಹಳೆಯ ಕಾರು ಹುಡುಕಿದೆವು. ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ, ಗಮನಿಸಿ. ಹಳೆಯ ಗಾಡಿಗಳ ಬಜಾರಿನಲ್ಲಿ ನಾಲ್ಕು ಲಕ್ಷಕ್ಕೆ 2014ರ ಡೀಸೆಲ್ ಕಾರೂ ಸಿಗುತ್ತದೆ, 2018ರ ಪೆಟ್ರೋಲ್ ಕಾರೂ ಸಿಗುತ್ತದೆ. ಒಂದೂಕಾಲು ಲಕ್ಷದ ಆ ಹೆಚ್ಚುವರಿ ಬೆಲೆ ಮೊದಲ ಮಾಲಿಕನ ತಲೆಗೇ ಹೋಗಿರುತ್ತದೆ. ಹಾಗಿದ್ದಾಗ ವರ್ಷಕ್ಕೆ 18,000 ಉಳಿಸುವ ಡೀಸೆಲ್ಲೇ ಮೇಲಲ್ಲವೇ? ಇವರ ಮುಖ ಅರಳಿತು. ನಾನೂ ಒಪ್ಪಿದೆ. ದುಡ್ಡಿನ ಲೆಕ್ಕದಲ್ಲಿ ಇವರದೇ ಗೆಲುವು, ಗಾಡಿ ಕೆಡದೆ ಇದ್ದರೆ ಮಾತ್ರ. ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಗಾಡಿಯಲ್ಲಿ ಎಣ್ಣೆ ಚಿಮುಕಿಸುವ ಇಂಜೆಕ್ಟರ್‌ಗಳು, ಗಾಳಿ ಒತ್ತುವ ಟರ್ಬೊ, ಕ್ಲಚ್ಚು ಇವುಗಳ ಸರದಿ ಬರುತ್ತದೆ. ಒಂದೊಂದೂ ಸಾವಿರಗಟ್ಟಲೆ. ಒಂದು ಸಲ ಗ್ಯಾರೇಜಿಗೆ ಹೋಗಿ ಬಂದರೆ ಎರಡು ವರ್ಷದ ಉಳಿತಾಯ ಅಲ್ಲೇ ಇಳಿಯುತ್ತದೆ.

ಒಬ್ಬ ಬ್ರೋಕರ್ ಇನ್ನೂ ಅಗ್ಗದ ದಾರಿ ತೋರಿಸಿದ. ದಿಲ್ಲಿಯ ಗಾಡಿಗಳು! ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನ ಓಡಿಸಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಕೋರ್ಟಿನಿಂದಲೇ ಸ್ವಲ್ಪ ಸಡಿಲಿಕೆಯೂ ಸಿಕ್ಕಿತು. ಈ ಹೆದರಿಕೆಯಲ್ಲಿ ಅಲ್ಲಿನವರು ಒಳ್ಳೆಯ ಗಾಡಿಗಳನ್ನು ಅರ್ಧ ಬೆಲೆಗೆ ಬಿಟ್ಟರು. ನಮ್ಮ ರಾಜ್ಯದಲ್ಲಿ ಹತ್ತು ವರ್ಷದ ಆ ನಿಯಮ ಇಲ್ಲ. ಹದಿನೈದು ವರ್ಷಕ್ಕೆ ನೋಂದಣಿ ಮುಗಿಯುತ್ತದೆ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆದರೆ ಹೊರ ರಾಜ್ಯದ ಗಾಡಿ ತಂದರೆ ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು, ಹೊಸ ನಂಬರ್ ಮಾಡಿಸಬೇಕು. ಅದೆಲ್ಲ ಕೂಡಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ. ಬ್ರೋಕರ್ ಈ ಖರ್ಚನ್ನು ಕೊನೆಯಲ್ಲಿ, ಚಹಾ ಕುಡಿದ ಮೇಲೆ ಹೇಳುತ್ತಾನೆ.

ಕೊನೆಗೆ ನಮ್ಮ ಜಿಲ್ಲೆಯದೇ ಒಂದು 2014ರ ಡೀಸೆಲ್ ಕಾರು ಇವರಿಗೆ ಹಿಡಿಸಿತು. ಬಿಳಿ ಬಣ್ಣ, ಸ್ವಚ್ಛವಾಗಿತ್ತು. ಮಾರುವವರು ಸಜ್ಜನರು, ಒಂದು ರಾತ್ರಿ ನಿಮ್ಮ ಅಂಗಳದಲ್ಲಿಯೇ ಇರಲಿ, ನೋಡಿ ಹೇಳಿ ಎಂದು ಬಿಟ್ಟು ಹೋದರು. ಬೆಳಗ್ಗೆ ಫಜ್ರ್ ಮುಗಿಸಿ ಬಂದು ಇವರು ಗಾಡಿ ಸ್ಟಾರ್ಟ್ ಮಾಡಿದರು. ಡಿಸೆಂಬರಿನ ಚಳಿ. ಒಂದು ಸಲ ಕೆಮ್ಮಿದಂತೆ ಸದ್ದು ಮಾಡಿ ಹಿಂದಿನಿಂದ ಕಪ್ಪು ಹೊಗೆಯ ಮುದ್ದೆ ಹೊರಗೆ ಬಂತು. ಆಮೇಲೆ ಹೊಗೆ ಕಣ್ಣಿಗೆ ಕಾಣಲಿಲ್ಲ, ವಾಸನೆ ಮಾತ್ರ ಉಳಿಯಿತು. ಇವರು ಇಂಜಿನ್ ಬಿಸಿಯಾಗಲಿ ಎಂದು ಹಾಗೆಯೇ ಬಿಟ್ಟರು. ಅತ್ತೆ ಜಗಲಿಯಲ್ಲಿ ತಸ್ಬೀಹ್ ಹಿಡಿದು ಕೂತಿದ್ದರು. ಮೊದಲು ಸೆರಗು ಮೂಗಿಗೆ ಹಿಡಿದರು. ನಂತರ ಎದ್ದರು. "ಗಾಡಿ ಚೆನ್ನಾಗಿದೆ ಬೇಟಾ, ನಾನು ಒಳಗಿನಿಂದಲೇ ನೋಡ್ತೀನಿ" ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಪಂಪು ಎಳೆದ ಸದ್ದು ಕೇಳಿಸಿತು. ಇವರಿಗೂ ಕೇಳಿಸಿತು.

ಇವರು ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದರು. ನಾವಿಬ್ಬರೂ ಆ ಹೊತ್ತಿನಲ್ಲಿ ಏನೂ ಮಾತನಾಡಲಿಲ್ಲ.

ಹೊಗೆಯ ವಿಷಯ ನಮಗೆ ಹೆಂಗಸರಿಗೆ ಹೊಸದಲ್ಲ. ಗ್ಯಾಸ್ ಬರುವ ಮೊದಲು ಊದುಗೊಳವೆ ಹಿಡಿದು ಕಣ್ಣು ಕೆಂಪು ಮಾಡಿಕೊಂಡವರು ನಾವು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಈಗಲೂ ಕೂರುತ್ತೇವೆ. ಅತ್ತೆಯ ಎದೆ ಹಾಳಾದದ್ದು ಅಲ್ಲಿಯೇ ಎಂದು ಡಾಕ್ಟರು ಹೇಳುತ್ತಾರೆ. ಡೀಸೆಲ್ ಹೊಗೆಯಲ್ಲಿ ಮಸಿಯ ಕಣ ಹೆಚ್ಚು, ಸಾರಜನಕದ ಆಕ್ಸೈಡುಗಳೂ ಹೆಚ್ಚು. ದಮ್ಮಿನವರಿಗೆ ಇವೆರಡೂ ಆಗದವು. 2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವುದೂ ಆ ಗುಂಪಿನಲ್ಲಿಯೇ. ಹಾಗೆಂದು ಅಂಗಳದಲ್ಲಿ ಒಂದು ಕಾರು ನಿಂತರೆ ಕ್ಯಾನ್ಸರ್ ಬಂದುಬಿಡುತ್ತದೆ ಎಂದು ಹೆದರಬೇಕಾಗಿಲ್ಲ. ಗಣಿಯಂತಹ ಕಡೆ ವರ್ಷಗಟ್ಟಲೆ ಆ ಹೊಗೆಯಲ್ಲಿ ದುಡಿದವರನ್ನು ಪರೀಕ್ಷಿಸಿ ಬಂದ ತೀರ್ಮಾನ ಅದು. ಡೀಸೆಲ್ಲಿಗೆ ನ್ಯಾಯ ಸಲ್ಲಬೇಕಾದ ಇನ್ನೊಂದು ಮಾತೂ ಇದೆ. ಮೈಲೇಜು ಹೆಚ್ಚಿರುವುದರಿಂದ ಕಿಲೋಮೀಟರಿಗೆ ಹೊರಬರುವ ಇಂಗಾಲದ ಡೈಆಕ್ಸೈಡ್ ಪೆಟ್ರೋಲಿಗಿಂತ ಸ್ವಲ್ಪ ಕಡಿಮೆ. ಇದೇ ಕಾರಣಕ್ಕೆ ಯುರೋಪಿನ ಸರಕಾರಗಳು ಜನರಿಗೆ ಡೀಸೆಲ್ ಕೊಳ್ಳಿ ಎಂದವು. ಆಮೇಲೆ 2015ರ ಸೆಪ್ಟೆಂಬರ್‌ನಲ್ಲಿ, ಫೋಕ್ಸ್‌ವ್ಯಾಗನ್ ಕಂಪೆನಿ ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಕಡಿಮೆ ತೋರಿಸುವ ತಂತ್ರವನ್ನು ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಕಾರುಗಳಲ್ಲಿ ಇಟ್ಟಿತ್ತು ಎಂಬುದು ಬಯಲಾಯಿತು.

"ಹಾಗಾದರೆ ಹೊಗೆ ಕಡಿಮೆ ಇರುವ ಹೊಸ ನಮೂನೆಯ ಡೀಸೆಲ್ಲೇ ಸ್ವಲ್ಪ ಹಳೆಯದು ಸಿಕ್ಕರೆ?" ಎಂದು ಇವರು ಇನ್ನೊಂದು ಸಲ ಕೇಳಿದರು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯುವ ಫಿಲ್ಟರ್ ಬಂದಿದೆ. ಹೊಗೆ ನಿಜವಾಗಿಯೂ ಬಹಳ ಕಡಿಮೆ. ಈ ಖರ್ಚು ಸಣ್ಣ ಕಾರಿಗೆ ಹೊರೆಯಾಗುತ್ತದೆಂದು ಮಾರುತಿ ಕಂಪೆನಿ ಆ ದಿನದಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಫಿಲ್ಟರಿನಲ್ಲಿ ಸೇರಿದ ಮಸಿ ತಾನಾಗಿ ಸುಟ್ಟು ಹೋಗಬೇಕಾದರೆ ಗಾಡಿ ಹದಿನೈದು ಇಪ್ಪತ್ತು ನಿಮಿಷವಾದರೂ ಒಂದೇ ಸಮನೆ ಒಳ್ಳೆಯ ವೇಗದಲ್ಲಿ ಓಡಬೇಕು. ಹೆದ್ದಾರಿಯಲ್ಲಿ ಓಡುವ ಮೈದುನನಿಗೆ ಅದು ಗೊತ್ತೇ ಆಗುವುದಿಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿ ಏನಿದೆ? ತರೀಕೆರೆ, ತರೀಕೆರೆ, ತರೀಕೆರೆ. ಇಂಜಿನ್ ಬಿಸಿಯಾಗುವ ಹೊತ್ತಿಗೆ ಸಂತೆ ಬೀದಿ ಬಂದಿರುತ್ತದೆ. ಹೀಗೆ ಸಣ್ಣ ಓಡಾಟವೇ ಆದರೆ ಫಿಲ್ಟರ್ ಕಟ್ಟಿಕೊಂಡು ದೀಪ ಹೊತ್ತುತ್ತದೆ. ಕೆಲವು ಡೀಸೆಲ್ ಕಾರುಗಳಿಗೆ ಯೂರಿಯಾ ಬೆರೆಸಿದ ನೀರನ್ನು ಬೇರೆ ಟ್ಯಾಂಕಿಗೆ ತುಂಬಬೇಕು. ಅಡಿಕೆ ತೋಟಕ್ಕೆ ತಂದ ಯೂರಿಯಾ ಇದೆಯಲ್ಲ ಎಂದು ಯಾರೂ ಅದನ್ನು ಕರಗಿಸಿ ಹಾಕಬೇಡಿ. ಅದಕ್ಕೆಂದೇ ಮಾಡಿದ ಶುದ್ಧ ದ್ರಾವಣವೇ ಆಗಬೇಕು.

ನನ್ನ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಅದನ್ನು ಕೊನೆಗೆ ಹೇಳಿದೆ. ಆ ಮಳೆಯ ರಾತ್ರಿ ಇವರು ಮನೆಯಲ್ಲಿದ್ದರು. ಚೇಣಿಯ ಕಾಲದಲ್ಲಿ ಎಷ್ಟೋ ರಾತ್ರಿ ತೋಟದಲ್ಲಿ ಕಾಯಲು ಹೋಗುತ್ತಾರೆ. ಆಗ ಅತ್ತೆಗೆ ಉಸಿರು ಕಟ್ಟಿದರೆ, ಅಂಗಳದಲ್ಲಿ ಕಾರು ನಿಂತಿದ್ದರೂ ಓಡಿಸುವವರು ಯಾರು? ಕಾರು ತಂದರೆ ನಾನು ಕಲಿಯುವಂತಹ ಕಾರು ತರೋಣ ಎಂದೆ. ಆ ಹಳೆಯ ಡೀಸೆಲ್ ಗಾಡಿಯ ಕ್ಲಚ್ಚನ್ನು ಒಮ್ಮೆ ಒತ್ತಿ ನೋಡಿದ್ದೆ, ಒಳಕಲ್ಲು ತಿರುಗಿಸಿದಷ್ಟು ಭಾರ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿಯುವುದೇ ಎಂದು ಇವರು ನಗಲಿಲ್ಲ. "ಅಮ್ಮಿಗಾಗಿ ತಾನೇ" ಎಂದರು. ಅಮ್ಮಿಗಾಗಿಯೂ ಹೌದು, ನನಗಾಗಿಯೂ ಹೌದು ಎಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ, ಈಗ ಇಲ್ಲಿ ಬರೆಯುತ್ತಿದ್ದೇನೆ.

ಬಿಳಿ ಕಾರನ್ನು ವಾಪಸು ಕೊಟ್ಟು ನಾಲ್ಕು ಲಕ್ಷಕ್ಕೆ 2018ರ ಒಂದು ಸಣ್ಣ ಪೆಟ್ರೋಲ್ ಕಾರು ತಂದೆವು. ಉಳಿದ ಐವತ್ತು ಸಾವಿರದಲ್ಲಿ ಟಯರ್, ಇನ್ಶೂರೆನ್ಸ್, ನನ್ನ ಡ್ರೈವಿಂಗ್ ಶಾಲೆಯ ಫೀಸು. ಲೀಟರಿಗೆ ಹದಿನೈದಕ್ಕಿಂತ ಹೆಚ್ಚು ಕೊಡುವುದಿಲ್ಲ, ಮನೆ ಮಂದಿಯೆಲ್ಲ ಕೂತರೆ ಏರಿನಲ್ಲಿ ಏದುಸಿರು ಬಿಡುತ್ತದೆ. ಮೈದುನ ಬಂದಾಗಲೆಲ್ಲ ಬಾನೆಟ್ ತಟ್ಟಿ "ಪಾಪ" ಎನ್ನುತ್ತಾನೆ. ಅತ್ತೆ ಮಾತ್ರ ಮೊದಲ ದಿನ ಮುಂದಿನ ಸೀಟಿನಲ್ಲಿ ಕುಳಿತು ಎರಡು ನಿಮಿಷ ಕಾದು, "ಸ್ಟಾರ್ಟ್ ಮಾಡೋ ಬೇಟಾ, ತಡ ಆಯ್ತು" ಎಂದರು. ಇಂಜಿನ್ ಆಗಲೇ ಓಡುತ್ತಿತ್ತು.

ತರೀಕೆರೆಯ ಬಂಕಿನಲ್ಲಿ ನಿಂತಾಗ ಇವರ ಕಣ್ಣು ಈಗಲೂ ಮೊದಲು ಹೋಗುವುದು ಡೀಸೆಲ್ ದರದ ಕಡೆಗೇ.